ಗೋವೆಯ ಉಪ್ಪಿಗೂ ಬ್ರಿಟಿಷರ ಸುಂಕವಿತ್ತು

ಮಾನ್ಯರೇ,

ಉಪ್ಪಿನ ಸತ್ಯಾಗ್ರಹ ಕುರಿತ ಲೇಖನದಲ್ಲಿ, ಬ್ರಿಟಿಷರು ಉಪ್ಪು ತಯಾರಿಕೆಯನ್ನೇ ನಿಷೇಧಿಸಿದ್ದರು, ಗೋವೆ ಪೋರ್ತುಗೀಸರದಾದ್ದರಿಂದ ಅಲ್ಲಿನ ಉಪ್ಪಿಗೆ ಅವರ ಕಾಯಿದೆ ತಾಗಲಿಲ್ಲ ಎಂದಿದೆ. ಎರಡೂ ಪೂರ್ತಿ ಸರಿಯಲ್ಲ.

ನಿಷೇಧವಿದ್ದದ್ದು ಪರವಾನಗಿಯಿಲ್ಲದ ತಯಾರಿಕೆಗೆ. ಗೋಕರ್ಣದ ಬಳಿಯ ಸಾಣಿಕಟ್ಟಾ ಆಗರಗಳು, ಅಂದರೆ ಕಡಲ ನೀರಿನಿಂದ ಉಪ್ಪು ತೆಗೆಯುವ ಬಯಲುಗಳು, ಬ್ರಿಟಿಷರ ಕಾಲದಲ್ಲೂ ನಡೆದವು. ಉಬ್ಬರದ ನೀರನ್ನು ತೂಬಿನಿಂದ ಒಳಗೆ ತೆಗೆದುಕೊಂಡು, ಪಾತಿಯಿಂದ ಪಾತಿಗೆ ಹಾಯಿಸಿ ಗಟ್ಟಿ ಮಾಡಿ, ಹರಳುಗಟ್ಟಿದ್ದನ್ನು ಕೆರೆದು ರಾಶಿ ಹಾಕುವವರೆಗೆ ಸುಂಕವಿರಲಿಲ್ಲ. ರಾಶಿ ಆಗರದಿಂದ ಹೊರಡುವಾಗ ಹಣ ಕಟ್ಟಬೇಕು, ಅಧಿಕಾರಿಯ ಎದುರು ತೂಗಿಸಬೇಕು, ರಹದಾರಿ (ಸಾಗಣೆಯ ಪರವಾನಗಿ ಚೀಟಿ) ಪಡೆಯಬೇಕಿತ್ತು. ಸುಂಕ ತೂಕದ ಮೇಲಾದ್ದರಿಂದ ಹಸಿ ಉಪ್ಪು ಒಯ್ದವನು ನೀರಿಗೂ ಸುಂಕ ತೆತ್ತಂತೆ. ಉಪ್ಪಿನಲ್ಲಿ ಉಳಿದ ಕಹಿನೀರು ಬಸಿದು ಹೋಗುವವರೆಗೆ ರಾಶಿಯನ್ನು ಆಗರದಲ್ಲೇ ಬಿಡುವುದು ಲಾಭ. ಗಜನಿಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಭೂಮಿಯಲ್ಲಿ, ತಾನಾಗಿ ಕಟ್ಟಿದ ಉಪ್ಪನ್ನು ಬಾಚಿ ತಂದರೂ ಅಪರಾಧವಾಗಿತ್ತು. ಇಷ್ಟೆಲ್ಲ ಕಾಯಲು ಚದುರಿದ ಸಣ್ಣ ಆಗರಗಳಿಗಿಂತ ಒಂದೆಡೆ ಇರುವ ದೊಡ್ಡ ಆಗರ ಸರ್ಕಾರಕ್ಕೆ ಅನುಕೂಲ. ಮುಂದೆ ಗೋವೆಯಲ್ಲಿ ನಡೆದದ್ದಕ್ಕೂ ಇದೇ ಕಾರಣ.

1877ರ ಡಿಸೆಂಬರ್ ಕೊನೆಗೆ, ದಕ್ಷಿಣದಲ್ಲಿ ದೊಡ್ಡ ಬರವಿದ್ದಾಗಲೇ, ಮುಂಬಯಿ ಮತ್ತು ಮದ್ರಾಸ್ ಪ್ರಾಂತ್ಯಗಳ ಸುಂಕವನ್ನು ಮಣಕ್ಕೆ 1 ರೂಪಾಯಿ 13 ಆಣೆಯಿಂದ 2 ರೂಪಾಯಿ 8 ಆಣೆಗೆ ಏರಿಸಿದರು. ಮಣಕ್ಕೆ 40 ಸೇರು, ರೂಪಾಯಿಗೆ 16 ಆಣೆ; ಅಂದರೆ ಸೇರಿಗೆ ಸರಿಯಾಗಿ ಒಂದು ಆಣೆ. ಇಡೀ ಮಣ ತಯಾರಿಸುವ ಖರ್ಚೇ ಕೆಲವು ಆಣೆ. ಇಷ್ಟು ಅಂತರವಿದ್ದ ಮೇಲೆ ಗೋವೆಯ ಬಾರ್ದೇಸ್, ಸಾಷ್ಟಿ ತಾಲೂಕುಗಳ ಉಪ್ಪು ಎತ್ತುಗಳ ಮೇಲೆ ಘಟ್ಟ ಹತ್ತದೆ, ದೋಣಿಯಲ್ಲಿ ಕಾರವಾರದತ್ತ ಇಳಿಯದೆ ಇದ್ದೀತೇ? ಅಷ್ಟು ಉದ್ದದ ಕಾಡುಗಡಿ ಕಾಯುವುದಕ್ಕಿಂತ ಮೂಲವನ್ನೇ ಹಿಡಿಯುವುದು ಅಗ್ಗವೆನಿಸಿತು.

1878ರ ಡಿಸೆಂಬರ್ 26ರಂದು ಲಿಸ್ಬನ್ನಿನಲ್ಲಿ ಬ್ರಿಟಿಷರಿಗೂ ಪೋರ್ತುಗೀಸರಿಗೂ ಒಪ್ಪಂದವಾಯಿತು. 1880ರ ಜನವರಿಯಲ್ಲಿ ಜಾರಿಗೆ ಬಂತು, ಅವಧಿ 12 ವರ್ಷ. ನಡುವಿನ ಸುಂಕದ ಗಡಿ ಎದ್ದುಹೋಯಿತು, ಗೋವೆಯ ಮುರಗಾಂವ್ ಬಂದರು ಮತ್ತು ರೈಲಿನ ಯೋಜನೆಯೂ ಅದರೊಳಗಿತ್ತು. ಗೋವೆಯ ಉಪ್ಪಿನ ಹತೋಟಿ ಬ್ರಿಟಿಷರಿಗೆ, ಬದಲಿಗೆ ಪೋರ್ತುಗೀಸರಿಗೆ ವರ್ಷಕ್ಕೆ 4 ಲಕ್ಷ ರೂಪಾಯಿ. ಕಾಯಲು ಕಷ್ಟವಾದ ಸಣ್ಣ ಆಗರಗಳು ಮುಚ್ಚಿದವು. ಹಣ ಬಂದದ್ದು ಖಜಾನೆಗೆ. ಆಗರದಲ್ಲಿ ದುಡಿಯುತ್ತಿದ್ದವರಿಗೆ ಹೋದದ್ದು ಕೆಲಸ. ತಮ್ಮದೇ ಕಡಲಿನ ಉಪ್ಪಿಗೆ ಗೋವೆಯವರು ಬ್ರಿಟಿಷ್ ಭಾರತದ ದರ ತೆತ್ತರು.

1892ರ ಜನವರಿಯಲ್ಲಿ ಒಪ್ಪಂದ ಮುಗಿಯಿತು, ನವೀಕರಣವಾಗಲಿಲ್ಲ. ಗಡಿಯಲ್ಲಿ ಸುಂಕದ ಕಟ್ಟೆಗಳು ಮತ್ತೆ ಬಂದವು. ಲೇಖಕರ ಮಾತು ಈ 12 ವರ್ಷಗಳ ಹಿಂದಕ್ಕೂ ಮುಂದಕ್ಕೂ ಒಪ್ಪುತ್ತದೆ, ಅದೂ ಗಡಿಯ ಆಚೆಗೆ, ಗೋವೆಯ ಒಳಗೆ ಮಾತ್ರ.

ಇನ್ನೊಂದು ಸಣ್ಣ ತಿದ್ದುಪಡಿ. ಅಂಕೋಲೆಯಲ್ಲಿ 1930ರ ಏಪ್ರಿಲ್ 13ರಂದು ಕಾಯಿದೆ ಮುರಿದಾಗ ಮಣಕ್ಕೆ ಎರಡೂವರೆ ರೂಪಾಯಿ ಸುಂಕವಿತ್ತು ಎಂದು ಬರೆದಿದ್ದಾರೆ. ಆ ದರ 1923ರದು. ಶಾಸನಸಭೆ ಒಪ್ಪದಿದ್ದರೂ ವೈಸರಾಯ್ ರೀಡಿಂಗ್ ತಮ್ಮ ವಿಶೇಷಾಧಿಕಾರದಿಂದ ಹೇರಿದ್ದು, ಮರುವರ್ಷವೇ ಇಳಿಯಿತು. 1930ರಲ್ಲಿ ಇದ್ದದ್ದು 1 ರೂಪಾಯಿ 4 ಆಣೆ, ಸೇರಿಗೆ ಅರ್ಧ ಆಣೆ.

– ಓದುಗ, ಕುಮಟಾ