ಬಣ್ಣ ಬಿಡು, ಕಾಂಡ ಮುಟ್ಟಿ ನೋಡು

ಪ್ರಿಯ ಗೆಳೆಯ,

ಕೈತೋಟದಲ್ಲಿ ತಾನಾಗಿ ಹುಟ್ಟಿದ ನೀಲಿ ಹೂವಿನ ಹೆಸರು ಕೇಳಿದ್ದೀಯ. ನೀಲಿ ಅನ್ನುವುದೊಂದರಿಂದಲೇ ಹೆಸರು ಹೇಳಲಾಗದು. ಬಣ್ಣ ಮೋಸ ಮಾಡುತ್ತದೆ. ಲಂಟಾನದ ಎಷ್ಟೋ ಗೊಂಚಲುಗಳಲ್ಲಿ ಹಳದಿಯಾಗಿ ಅರಳಿದ ಹೂವೇ ಹಳತಾಗುತ್ತ ಗುಲಾಬಿಗೆ ತಿರುಗುತ್ತದೆ.

ಮೊದಲು ಕಾಂಡವನ್ನು ಬೆರಳುಗಳ ನಡುವೆ ಹೊರಳಿಸು. ನಾಲ್ಕು ಮೂಲೆ ಕೈಗೆ ಸಿಕ್ಕಿ, ಗೆಣ್ಣಿಗೆರಡು ಎಲೆ ಎದುರುಬದುರಾಗಿದ್ದು, ಹೂವಿಗೆ ಮೇಲೊಂದು ಕೆಳಗೊಂದು ತುಟಿಯಿದ್ದರೆ ಬಹುಪಾಲು ಅದು ತುಂಬೆ, ತುಳಸಿಯ ಕುಟುಂಬ. ಎಲೆ ಎಣಿಸುವಾಗ ಎಡವುವವರೇ ಹೆಚ್ಚು. ಒಂದೇ ಎಲೆ ಹಲವಾಗಿ ಸೀಳಿದಂತಿರುವಾಗ ಅದರ ಒಂದು ತುಂಡನ್ನು, ಅಂದರೆ ಕಿರು ಎಲೆಯನ್ನು, ಪೂರ್ತಿ ಎಲೆ ಅಂದುಕೊಂಡರೆ ಮುಂದಿನದೆಲ್ಲ ತಪ್ಪುತ್ತದೆ. ಎಲೆ ಕಾಂಡಕ್ಕೆ ಸೇರುವ ಕಂಕುಳಲ್ಲಿ ಚಿಗುರುಮೊಗ್ಗು ಹುಡುಕು: ಅದಿರುವುದು ಪೂರ್ತಿ ಎಲೆಯ ಬುಡದಲ್ಲಿ, ಕಿರು ಎಲೆಯ ಬುಡದಲ್ಲಲ್ಲ. ಎಲೆ ಮುರಿದಾಗ ಹಾಲು ಒಸರಿದರೆ ಬರೆದಿಟ್ಟುಕೋ, ಕೈ ತೊಳೆಯದೆ ಕಣ್ಣು ಮುಟ್ಟಬೇಡ.

ಎಸಳುಗಳನ್ನು ನಾಲ್ಕೈದು ಹೂಗಳಲ್ಲಾದರೂ ಎಣಿಸು, ಒಂದು ಹೂವಿನಲ್ಲಿ ಎಸಳು ಉದುರಿರಬಹುದು. ಐದೂ ಕೂಡಿ ಪುಟ್ಟ ತಟ್ಟೆಯಂತಾಗಿ, ಎಲೆಯ ಮೇಲೆ ರೇಷ್ಮೆಯಂಥ ರೋಮವಿದ್ದರೆ ವಿಷ್ಣುಕ್ರಾಂತಿಯ ಜೊತೆ ಹೋಲಿಸು. ಎರಡು ದೊಡ್ಡ ಎಸಳು, ಕೆಳಗೊಂದು ಚಿಕ್ಕದು, ಎಲೆಯಲ್ಲಿ ಉದ್ದುದ್ದ ಸಮಾನಾಂತರ ನರ, ಮಡಿಚಿದ ಹಸಿರು ದೋಣಿಯಂಥದರೊಳಗಿಂದ ಹೂ ಇಣುಕಿದ್ದರೆ ಅದು ಕಾಮೆಲಿನಾ ಎಂಬ ಕುಲದ ಗಿಡ. ಬೆಳಿಗ್ಗೆ ಅರಳಿದ್ದು ಮಧ್ಯಾಹ್ನದ ಹೊತ್ತಿಗೆ ಮುದುಡಿ ನೀರಾಗುತ್ತದೆ, ಸಂಜೆ ಹುಡುಕಿದರೆ ಸಿಗದು. ಅದರಲ್ಲೂ ಪ್ರಭೇದ ಹೇಳಬೇಕಾದರೆ ಆ ದೋಣಿಯ ಬುಡ ನೋಡಬೇಕು. ಅಂಚುಗಳು ಅಂಟಿ ಆಲಿಕೆಯಂತಾಗಿದ್ದರೆ ಕಾಮೆಲಿನಾ ಬೆಂಗಾಲೆನ್ಸಿಸ್ ಇರಬಹುದು, ಬಿಡಿಬಿಡಿಯಾಗಿದ್ದರೆ ಕಾಮೆಲಿನಾ ಡಿಫ್ಯೂಸಾ ಇರಬಹುದು. ಬುಡದ ಮಣ್ಣನ್ನು ಮೆಲ್ಲಗೆ ಕೆದಕು. ಬೆಂಗಾಲೆನ್ಸಿಸ್ ನೆಲದೊಳಗೂ ಅರಳದ ಹೂ ಬಿಟ್ಟು ಅಲ್ಲೇ ಬೀಜ ಕಟ್ಟುತ್ತದೆ. ಎಂಥ ಗಿಡ ನೋಡು!

ಫೋಟೋ ಒಂದು ಸಾಲದು. ಇಡೀ ಗಿಡ, ಬುಡದ ಎಲೆ, ತುದಿಯ ಎಲೆ, ಎಲೆಯ ಹಿಂಬದಿ, ಹೂವಿನ ಮುಂಭಾಗ, ಪಕ್ಕದ ನೋಟ, ಕಾಯಿ, ಇಷ್ಟೂ ಬೇಕು. ಪಕ್ಕದಲ್ಲೊಂದು ಅಳತೆಪಟ್ಟಿ ಇಡು. ಬಿಸಿಲಿನಲ್ಲಿ ತೆಳುಬಣ್ಣದ ಎಸಳು ಬೆಳ್ಳಗೆ ಹೊಳೆದು ಗೆರೆಗಳೇ ಮಾಯವಾಗುತ್ತವೆ, ಕೈಯಿಂದ ನೆರಳು ಮಾಡು. ಫೋಟೋ ನೋಡಿ ಗಿಡ ಗುರುತಿಸುವ ಆ್ಯಪ್ ಹೇಳುವ ಹೆಸರಿನ ಮೊದಲ ಪದಕ್ಕೆ, ಅಂದರೆ ಕುಲಕ್ಕೆ, ಸ್ವಲ್ಪ ಬೆಲೆ ಕೊಡು. ಎರಡನೆಯದನ್ನು, ಅಂದರೆ ಪ್ರಭೇದವನ್ನು, ಗಿಡದ ಮುಂದೆ ಕೂತು ಪರೀಕ್ಷಿಸು.

ತಾನಾಗಿ ಹುಟ್ಟಿತೆಂದ ಮಾತ್ರಕ್ಕೆ ಅದು ಈ ನೆಲದ್ದೇ ಆಗಬೇಕಿಲ್ಲ. ಪ್ರಭೇದ ಖಚಿತವಾದ ಮೇಲಷ್ಟೇ ಆ ಪ್ರಶ್ನೆ. ಅಲ್ಲಿಯವರೆಗೆ ಪಕ್ಕದಲ್ಲೊಂದು ಕಡ್ಡಿ ನೆಡು, ಕಳೆ ಕೀಳುವವರಿಗೆ ಹೇಳಿಡು. ಕಾಯಿ ಬಲಿತಾಗ ಒಂದನ್ನು ಬಿಡಿಸಿ ಬೀಜ ಎಷ್ಟಿವೆ, ಮೇಲ್ಮೈ ನುಣುಪೋ ಒರಟೋ ಬರೆದು ಕಳಿಸು.

ನಿನ್ನ ಗೆಳೆಯ