ನನ್ನ ನೆಗೆಣ್ಣಿ ಎಣಿಸಿದ ಗುಳಿಗೆಗಳು

ಕಳೆದ ವಾರದ ವರದಿಯಲ್ಲಿ ಮೂತ್ರದ ಪ್ರೋಟೀನ್ ಸಹಜ ಮಟ್ಟಕ್ಕೆ ಇಳಿದಿದೆ, ಸ್ಟೀರಾಯ್ಡ್ 5 ಮಿಲಿಗ್ರಾಂಗೆ ಬಂದಿದೆ, ನಾನು ಜೂನ್‌ನಿಂದ ಮತ್ತೆ ಶಾಲೆಗೆ ಹೋಗುತ್ತಿದ್ದೇನೆ. ದೇಹದ ರಕ್ಷಣಾ ವ್ಯವಸ್ಥೆ ತನ್ನ ಅಂಗಗಳ ಮೇಲೇ ತಿರುಗಿ ಬೀಳುವ ಲೂಪಸ್ ಕಾಯಿಲೆ ನನ್ನದು. ಅದು ಹೋಗಿಲ್ಲ, ಹಿಡಿತಕ್ಕೆ ಬಂದಿದೆ. ಈ ಮೊದಲೇ ಹಲವರಿಗೆ ಹೇಳಿರುವ ಬಯಾಪ್ಸಿಯ (ಅಂಗಾಂಶದ ಚೂರು ತೆಗೆದು ಮಾಡುವ ಪರೀಕ್ಷೆಯ) ಕಥೆಯನ್ನು ಬಿಟ್ಟು, ಹೇಳದೆ ಉಳಿದದ್ದನ್ನು ಮಾತ್ರ ಬರೆಯುತ್ತಿದ್ದೇನೆ.

ವಿಜಯಪುರದ ಬಿಸಿಲಿಗೆ ಯಾರ ಮುಖ ಕೆಂಪಾಗುವುದಿಲ್ಲ? ಹೀಗೆಂದುಕೊಂಡೇ ನಾನು ಒಂದು ವರ್ಷ ಕಳೆದೆ. ಮೂಗಿನ ಪಕ್ಕದ ಗೆರೆಯನ್ನು ಮಾತ್ರ ಬಿಟ್ಟು ಎರಡೂ ಕೆನ್ನೆಗೆ ಹರಡಿದ ಕೆಂಪನ್ನು ಚರ್ಮದ ವೈದ್ಯರಿಗೆ ತೋರಿಸಿದೆ, ಬೆಳಿಗ್ಗೆ ಬೆರಳು ಮಡಚಲಾಗದ್ದನ್ನು ಎಲುಬಿನ ವೈದ್ಯರಿಗೆ ಹೇಳಿದೆ, ಬಾಯಿಹುಣ್ಣಿಗೆ ಬಿ-ಕಾಂಪ್ಲೆಕ್ಸ್ ನುಂಗಿದೆ, ಕೂದಲು ಉದುರುವುದಕ್ಕೆ ಬೋರ್‌ವೆಲ್ ನೀರನ್ನು ಬೈದೆ. ಇವೆಲ್ಲವನ್ನೂ ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಒಂದರ ಕೆಳಗೊಂದು ಬರೆದವಳು ನನ್ನ ನೆಗೆಣ್ಣಿ. ಮನೆ ಪಾಲಾದ ಮೇಲೆ ನಾವಿಬ್ಬರೂ ಸರಿಯಾಗಿ ಮಾತನಾಡಿರಲಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ಅವಳು ಕೆದಕಿ ಕೇಳಿದ್ದರಿಂದಲೇ ಮೂತ್ರದಲ್ಲಿ ನೊರೆ ಬರುತ್ತಿದ್ದುದೂ ಆ ಹಾಳೆ ಸೇರಿತು. ಬೆಳಗಾವಿಯ ಸಂಧಿವಾತ ತಜ್ಞರು ನನ್ನ ದಪ್ಪ ಫೈಲನ್ನು ಬದಿಗಿಟ್ಟು ಮೊದಲು ಓದಿದ್ದು ಆ ಹಾಳೆಯನ್ನೇ. ಎ.ಎನ್.ಎ., ಅಂದರೆ ದೇಹದ ಜೀವಕೋಶಗಳ ವಿರುದ್ಧವೇ ಹುಟ್ಟುವ ಪ್ರತಿಕಾಯಗಳನ್ನು ಹುಡುಕುವ ರಕ್ತಪರೀಕ್ಷೆ, ಆರೋಗ್ಯವಂತರಲ್ಲೂ ಪಾಸಿಟಿವ್ ಬರಬಹುದು, ಅದೊಂದರಿಂದಲೇ ರೋಗ ನಿಶ್ಚಯವಾಗುವುದಿಲ್ಲ, ಲಕ್ಷಣಗಳೂ ಉಳಿದ ರಕ್ತಪರೀಕ್ಷೆಗಳೂ ಮೂತ್ರವೂ ಒಂದೇ ಮಾತು ಹೇಳಬೇಕು ಎಂದು ಅವರು ತಾಳ್ಮೆಯಿಂದ ತಿಳಿಸಿದರು.

ರೋಗ ಲೂಪಸ್ ಎಂದು ನಿಶ್ಚಯವಾಗಿ ಸ್ಟೀರಾಯ್ಡ್ ಶುರುವಾಯಿತು. ಆಮೇಲಿನ ತಪ್ಪು ಸಂಪೂರ್ಣ ನನ್ನದು. ಸ್ಟೀರಾಯ್ಡ್‌ನಿಂದ ಮುಖ ಉಬ್ಬಿತು. ಮದುವೆಯೊಂದರಲ್ಲಿ ಗೆಳತಿಯೇ ನನ್ನನ್ನು ಗುರುತಿಸಲಿಲ್ಲ. ಮನೆಗೆ ಬಂದವಳೇ ಯಾರಿಗೂ ಹೇಳದೆ ಆ ಗುಳಿಗೆ ನಿಲ್ಲಿಸಿಬಿಟ್ಟೆ. ತಿಂಗಳುಗಟ್ಟಲೆ ಹೊರಗಿನಿಂದ ಸ್ಟೀರಾಯ್ಡ್ ಪಡೆದ ದೇಹ ತನ್ನದನ್ನು ತಾನು ತಯಾರಿಸುವುದನ್ನೇ ಮರೆತಿರುತ್ತದೆ, ಅದನ್ನು ಮೆಲ್ಲಗೆ ಇಳಿಸಬೇಕೇ ಹೊರತು ಒಮ್ಮೆಲೆ ಬಿಡಬಾರದು ಎಂದು ನನಗೆ ಮೊದಲೇ ಹೇಳಲಾಗಿತ್ತು. ಕೆಲವು ದಿನಗಳ ಮೇಲೆ ಒಂದು ರಾತ್ರಿ ವಾಂತಿ ನಿಲ್ಲಲಿಲ್ಲ, ಎದ್ದು ನಿಂತರೆ ಕಣ್ಣು ಕತ್ತಲಾಗುತ್ತಿತ್ತು. ಮನೆಯವರು ಊರಲ್ಲಿರಲಿಲ್ಲ. ಗೋಡೆಯಾಚೆಯಿಂದ ಸದ್ದು ಕೇಳಿ ಬಂದ ನೆಗೆಣ್ಣಿ, "ಅಕ್ಕಾ, ಗುಳಿಗಿ ಬಿಟ್ಟೀರೇನ್ರಿ?" ಎಂದಳು. ನಾನು ಇಲ್ಲವೆಂದು ಸುಳ್ಳು ಹೇಳಿದೆ. ಅವಳು ವಾದ ಮಾಡದೆ ಡಬ್ಬಿ ತೆರೆದು, ಪಟ್ಟಿಯಲ್ಲಿ ಉಳಿದ ಗುಳಿಗೆಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಒತ್ತಿ ಎಣಿಸಿದಳು. ಆಸ್ಪತ್ರೆಯ ಬಾಗಿಲಲ್ಲೇ ವೈದ್ಯರಿಗೆ ಎಷ್ಟು ದಿನದಿಂದ ತಪ್ಪಿದೆ ಎಂದು ಅವಳು ಹೇಳಿದ್ದರಿಂದ, ಅವರು ವಿಷಾಹಾರವೆಂದು ಹೊತ್ತು ಕಳೆಯದೆ ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರು.

ಬೆಳಗಿನ ಜಾವದವರೆಗೂ ಅವಳು ಸ್ಟೂಲಿನ ಮೇಲೆ ಕೂತಿದ್ದಳು. ನನಗೆ ಸಾಯಬೇಕೆನ್ನಿಸುತ್ತದೆ, ಈ ಮುಖ ಬೇಡವೆನ್ನಿಸುತ್ತದೆ ಎಂದು ಅವಳೊಬ್ಬಳಿಗೇ ಹೇಳಿದ್ದೆ. ಅವಳು ಉಪದೇಶ ಮಾಡಲಿಲ್ಲ, ನನ್ನ ಕಾಲು ಒತ್ತುತ್ತಿದ್ದಳು. ಪಾಲಿನ ದಿನ ನಾನು ಅವಳಿಗೆ ಆಡಿದ ಮಾತು ಆಗ ನೆನಪಾಗಿ, ಕ್ಷಮೆ ಕೇಳಲು ಬಾಯೇ ಬರಲಿಲ್ಲ. ಇಲ್ಲಿ ಕೇಳುತ್ತಿದ್ದೇನೆ.

ರಜೆಗಳನ್ನೆಲ್ಲ ನನ್ನ ಮೇಲೆ ಕಳೆದ ಮನೆಯವರಿಗೆ, ಬಿಸಿಲು ನನಗೆ ಆಗದೆಂದು ಪ್ರಾರ್ಥನೆಯನ್ನು ಬೇವಿನ ನೆರಳಿಗೆ ಸರಿಸಿದ ಮುಖ್ಯಗುರುಗಳಿಗೆ, "ಇದು ಮಲೇರಿಯಾದ ಗುಳಿಗಿ ಅಲ್ರೀ?" ಎಂದು ಹುಬ್ಬೇರಿಸಿದರೂ ಲೂಪಸ್‌ಗೂ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಒಮ್ಮೆಯೂ ತಪ್ಪದಂತೆ ತರಿಸಿಕೊಟ್ಟ ಔಷಧ ಅಂಗಡಿಯವರಿಗೆ, ಆ ಔಷಧದಿಂದ ಅಕ್ಷಿಪಟಲಕ್ಕೆ ಹಾನಿಯಾಗದಿರಲೆಂದು ವರ್ಷಕ್ಕೊಮ್ಮೆ ಪರೀಕ್ಷಿಸುವ ಕಣ್ಣಿನ ವೈದ್ಯರಿಗೆ ವಂದನೆಗಳು.

ಈ ಬರಹವನ್ನು ಮೊದಲು ನೆಗೆಣ್ಣಿಗೆ ಓದಿ ತೋರಿಸಿದೆ. ಹೊಗಳಿಕೆಗೆ ಏನೂ ಅನ್ನಲಿಲ್ಲ. ನಾನು ಒಂಬತ್ತು ದಿನ ಗುಳಿಗೆ ಬಿಟ್ಟಿದ್ದೆ ಎಂದು ಬರೆದಿದ್ದೆ. ಒಂಬತ್ತಲ್ಲ, ಹನ್ನೊಂದು ಎಂದು ತಿದ್ದಿದಳು.