ಹಕ್ಕಿ ಹಿಡಿದವರೂ ರೈತರೇ

ಸಂಪಾದಕರೇ,

ಕಡಲ ಹಕ್ಕಿ ತಿಂದವರು ಎಂದ ಕೂಡಲೇ ಕ್ರೂರಿಗಳು ಅಂತ ಹಣೆಪಟ್ಟಿ ಹಚ್ಚುವುದು ನನಗೆ ಸರಿ ಕಾಣುವುದಿಲ್ಲ. ಸ್ಕಾಟ್ಲೆಂಡಿನ ಸೇಂಟ್ ಕಿಲ್ಡಾ ದ್ವೀಪದವರು ಬಾರ್ಲಿ, ಓಟ್ಸ್ ಬೆಳೆದು ಕುರಿ ಸಾಕಿದ ರೈತರು. ಉಪ್ಪುಗಾಳಿಗೆ ಪೈರು ಹಾಳಾದರೆ ಏನು ಮಾಡಬೇಕು? ಹೊಟ್ಟೆ ತುಂಬಿಸಿದ್ದು ಗ್ಯಾನೆಟ್, ಫುಲ್ಮರ್, ಪಫಿನ್ ಹಕ್ಕಿಗಳೇ.

ಗಂಡಸರು ಹಗ್ಗ ಕಟ್ಟಿಕೊಂಡು ಬರಿಗಾಲಲ್ಲಿ ಕಡಿದಾದ ಬಂಡೆಗಳಲ್ಲಿ ಇಳಿಯುತ್ತಿದ್ದರು. ಕೈಯಲ್ಲಿ ಉದ್ದನೆಯ ಕೋಲು, ತುದಿಗೆ ಕುಣಿಕೆ. ಫುಲ್ಮರ್ ಹೆದರಿದರೆ ಬಾಯಿಂದ ಎಣ್ಣೆ ಉಗುಳುತ್ತದೆ, ಅದು ಚೆಲ್ಲಿಹೋಗದ ಹಾಗೆ ಹಿಡಿಯಬೇಕಿತ್ತು, ಯಾಕಂದರೆ ಮನೆಯ ದೀಪಕ್ಕೆ ಅದೇ ಎಣ್ಣೆ. ಅದನ್ನು ತುಂಬಿಡುತ್ತಿದ್ದದ್ದು ಗ್ಯಾನೆಟ್‌ನ ಒಣಗಿಸಿದ ಹೊಟ್ಟೆಚೀಲದಲ್ಲಿ! ಗರಿ ಭೂಮಾಲೀಕನ ಗೇಣಿಗೆ ಹೋಗುತ್ತಿತ್ತು, ಮಾಂಸ ಗಾಳಿಯಾಡುವ ಪುಟ್ಟ ಕಲ್ಲಿನ ಗುಡಿಸಲುಗಳಲ್ಲಿ ಒಣಗುತ್ತಿತ್ತು, ಉಳಿದದ್ದು ಹೊಲಕ್ಕೆ ಗೊಬ್ಬರ. ಹಿಡಿದ ಹಕ್ಕಿಗಳನ್ನು ಎಲ್ಲ ಮನೆಗಳಿಗೂ ಹಂಚುತ್ತಿದ್ದರು. ಇದು ಸುಮ್ನೆ ಶೋಕಿಗೆ ಮಾಡಿದ ಬೇಟೆ ಅಲ್ಲ, ಅಲ್ವಾ?

1930ರ ಆಗಸ್ಟ್ 29ರಂದು ಕೊನೆಯ 36 ಜನ, ತಾವೇ ಸರ್ಕಾರವನ್ನು ಕೇಳಿಕೊಂಡು, ದ್ವೀಪ ಬಿಟ್ಟರು. ಆ ಕಲ್ಲಿನ ಗುಡಿಸಲುಗಳು ಸಾವಿರಕ್ಕೂ ಜಾಸ್ತಿ ಈಗಲೂ ಅಲ್ಲಿ ನಿಂತಿವೆ. ಇಂಥ ದ್ವೀಪಗಳ ಬಗ್ಗೆ ಪತ್ರಿಕೆಯಲ್ಲಿ ಬರೆಯುವಾಗ ಪಫಿನ್ ಫೋಟೊದ ಜೊತೆ ಈ ಜನರ ಬದುಕಿಗೂ ನಾಲ್ಕು ಸಾಲು ಕೊಡಿ.

– ಒಬ್ಬ ಓದುಗ